ಅಣ್ಣ ಪಕ್ಕದಲ್ಲಿ ಕುಳಿತು ಉತ್ತರ ಬರೆದು ತೋರಿಸುತ್ತೇನೆ ಎನ್ನುತ್ತಾನೆ

ಪ್ರಶ್ನೆ: ನಾನು ಮೂಡಿಗೆರೆ ಸಮೀಪದ ಹಳ್ಳಿಯವಳು, ಬಿ.ಕಾಂ. ಮುಗಿಸಿದ್ದೇನೆ. ತಂದೆ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಅವರ ಕಣ್ಣು ಮಂಜಾದ ಮೇಲೆ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರೆಯುವುದು ನನ್ನ ಪಾಲಿಗೆ ಬಂದಿದೆ. ಬೆಂಗಳೂರಿನ ಕಂಪನಿಯೊಂದು ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಮುಂದಿನ ವಾರ ಫೋನಿನಲ್ಲೇ ಸಂದರ್ಶನ ಮಾಡಲಿದೆ. ಹಿಂದೊಮ್ಮೆ ಇಂಥದೇ ಕರೆ ನಡುವೆ ಕಡಿದುಹೋದಾಗ ನಾಚಿಕೆಯಿಂದ ತಿರುಗಿ ಫೋನ್ ಮಾಡಲೇ ಇಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಸ್ಪೀಕರ್ ಹಾಕು, ಉತ್ತರ ಬರೆದು ತೋರಿಸುತ್ತೇನೆ ಎಂದು ಅಣ್ಣ ಹಟ ಹಿಡಿದಿದ್ದಾನೆ. ಬೇಡವೆಂದರೆ ಅವನಿಗೆ ಬೇಸರ, ಒಪ್ಪಿದರೆ ನನಗೆ ಅಳುಕು. ಏನು ಮಾಡಲಿ?

ಉತ್ತರ: ನಿಮ್ಮ ಅಳುಕು ನ್ಯಾಯವಾದದ್ದು. ಅಣ್ಣನ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಮುಖ ಕಾಣದ ಫೋನಿನಲ್ಲಿ ಸಂದರ್ಶಕರಿಗೆ ಸಿಗುವುದು ನಿಮ್ಮ ದನಿಯೊಂದೇ ಆದ್ದರಿಂದ, ಇನ್ನೊಬ್ಬರು ಗೀಚಿದ್ದನ್ನು ಓದುವಾಗಿನ ತಡವರಿಕೆ ಅವರ ಕಿವಿಗೆ ಕೂಡಲೇ ಬೀಳುತ್ತದೆ. ಸ್ಪೀಕರ್ ಹಾಕಿದರೆ ಹೆಂಚಿನ ಮೇಲಿನ ಮಳೆಯ ಸದ್ದೂ ಜೊತೆಗೆ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾಳೆ ಆ ಮೇಜಿನ ಮುಂದೆ ಕೂರಬೇಕಾದವರು ನೀವೊಬ್ಬರೇ. ಆದ್ದರಿಂದ ಅಣ್ಣನಿಗೆ ಬೇರೆ ಜವಾಬ್ದಾರಿ ಕೊಡಿ. "ಈ ವಾರ ದಿನಾ ಸಂಜೆ ಆಚೆ ಕೋಣೆಯಿಂದ ನೀನೇ ಫೋನ್ ಮಾಡಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಣ್ಣಾ, ಅವತ್ತು ಮಾತ್ರ ನನ್ನೊಬ್ಬಳನ್ನೇ ಬಿಡು" ಎಂದು ಕೇಳಿಕೊಳ್ಳಿ.

ಚೆಕ್‌ರೋಲಿನ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಮ್ಮ ಪತ್ರದ ತೂಕವಿರುವುದೇ ಅಲ್ಲಿ ಎಂದು ನನಗನ್ನಿಸುತ್ತದೆ. ಆಳುಗಳ ಹಾಜರಿ ಹಿಡಿದು, ಕೊಯ್ಲಿನ ದಿನಗಳಲ್ಲಿ ಕಿಲೋ ಲೆಕ್ಕದ ಕೂಲಿ ಕಟ್ಟಿ, ಮುಂಗಡ ಮುರಿದುಕೊಂಡು, ಬಟವಾಡೆಯ ಹೊತ್ತಿಗೆ ನಗದು ಪೈಸೆ ಬಿಡದಂತೆ ತಾಳೆಯಾಗುವ ಹಾಗೆ ನೋಡಿಕೊಳ್ಳುವುದು ಅಪ್ಪಟ ಲೆಕ್ಕಪತ್ರದ ಅನುಭವ. ಬೆಂಗಳೂರಿನವರಿಗೆ ಚೆಕ್‌ರೋಲ್ ಎಂದರೆ ತಿಳಿಯದಿರಬಹುದಾದ್ದರಿಂದ ಹಾಜರಿ ಮತ್ತು ಕೂಲಿಯ ರಿಜಿಸ್ಟರ್ ಎಂದು ಬಿಡಿಸಿ, ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ. ಕ್ಯಾಶ್‌ಬುಕ್ಕಿಗೂ ಬ್ಯಾಂಕಿನ ಪಾಸ್‌ಬುಕ್ಕಿಗೂ ಏಕೆ ವ್ಯತ್ಯಾಸ ಬರುತ್ತದೆ ಎಂಬಂಥ ಪ್ರಶ್ನೆ ಈ ಹುದ್ದೆಗೆ ಸಹಜ. ನಾವು ಕೊಟ್ಟ ಚೆಕ್ಕನ್ನು ಪಡೆದವರು ಇನ್ನೂ ಬ್ಯಾಂಕಿಗೆ ಹಾಕಿರದಿದ್ದರೆ ಹೀಗಾಗುತ್ತದೆ ಎಂದು ಉದಾಹರಣೆಯೊಡನೆ ವಿವರಿಸಲು ಸಿದ್ಧರಾಗಿರಿ. ಜಿಎಸ್‌ಟಿಯ ಮೂಲ ಪಾಠಗಳನ್ನೂ ಒಮ್ಮೆ ತಿರುವಿಹಾಕಿ. ನಿಮ್ಮ ಬಯೋಡೇಟಾ ಕಣ್ಣೆದುರಿಗಿರಲಿ, ಪಕ್ಕದಲ್ಲಿ ನೀವೇ ಬರೆದುಕೊಂಡ ನಾಲ್ಕು ಪದಗಳ ಚೀಟಿ ಇರಲಿ. ಪೂರ್ತಿ ವಾಕ್ಯ ಬರೆದಿಟ್ಟುಕೊಂಡರೆ ಮಾತು ಓದಿನಂತಾಗುತ್ತದೆ. ಕೇಳಿಸದಿದ್ದರೆ ಊಹಿಸಿ ಉತ್ತರಿಸಬೇಡಿ, ಇನ್ನೊಮ್ಮೆ ಹೇಳುವಂತೆ ವಿನಂತಿಸಿ.

ಇನ್ನು ಸಿಗ್ನಲ್ಲಿನ ಮಾತು. ಮಳೆಗಾಲದಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿ ಬರಿದಾದರೆ ಮಲೆನಾಡಿನಲ್ಲಿ ನೆಟ್‌ವರ್ಕ್ ಹೋಗುವುದು ಸಾಮಾನ್ಯ. ಅದು ನಿಮ್ಮ ತಪ್ಪಲ್ಲ, ನಾಚಿಕೆಪಡುವ ವಿಷಯವೂ ಅಲ್ಲ. ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ನಂಟರ ಮನೆಯಿದ್ದರೆ ಹಿಂದಿನ ದಿನವೇ ಅಲ್ಲಿಗೆ ಹೋಗಿ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯೊಂದರಲ್ಲಿ ಕರೆ ಮಾಡಿ ಪರೀಕ್ಷಿಸಿ. ಬೇರೆ ಕಂಪನಿಯ ಸಿಮ್ ಇರುವ ಮತ್ತೊಂದು ಸಂಖ್ಯೆಯನ್ನು ಈಗಲೇ ಇಮೇಲಿನಲ್ಲಿ ಅವರಿಗೆ ತಿಳಿಸಿಡಿ. ಆದರೂ ಕರೆ ಕಡಿದರೆ, ಇಬ್ಬರೂ ಒಟ್ಟಿಗೆ ಡಯಲ್ ಮಾಡಿ ಎಂಗೇಜ್ ಬರದಂತೆ ಒಂದೆರಡು ನಿಮಿಷ ಕಾಯಿರಿ, ಬಾರದಿದ್ದರೆ ನೀವೇ ಮಾಡಿ. ಅದೂ ತಾಗದಿದ್ದರೆ, ನೆಟ್‌ವರ್ಕ್ ಹೋಗಿ ಮಾತು ನಿಂತಿತು, ಇಂದೇ ಯಾವ ಹೊತ್ತಿಗಾದರೂ ಮುಂದುವರಿಸಲು ಸಿದ್ಧಳಿದ್ದೇನೆ ಎಂದು ಮೆಸೇಜನ್ನೂ ಇಮೇಲನ್ನೂ ಕೂಡಲೇ ಕಳುಹಿಸಿ.