‘ಖಂಡಿತ ತಗೋತೀವಿ’ ಅಂದವರು ದುಡ್ಡು ಕೊಟ್ಟಿದ್ದಾರಾ?

ಹೊಸ ಸರಕು, ಹೊಸ ಸೇವೆ ಬಿಡುಗಡೆ ಮಾಡುವವರಿಂದ ಬರುವ ಪ್ರಶ್ನೆಗಳಲ್ಲಿ ಹೊಸದು ಕಡಿಮೆ. ಲೋಗೊ, ವೆಬ್‌ಸೈಟ್, ನೋಂದಣಿ ವಿಷಯವನ್ನು ಪಕ್ಕಕ್ಕಿಟ್ಟಿದ್ದೇನೆ. ಅಷ್ಟು ನಿಮಗೇ ಗೊತ್ತಿರಬೇಕು.

ಪ್ರಶ್ನೆ: ಸಣ್ಣ ಅಂಗಡಿಗಳಿಗೆ ಬಾಕಿ ಲೆಕ್ಕ ಬರೆದಿಡುವ ಆ್ಯಪ್ ಮಾಡಿದ್ದೇವೆ. ಸರ್ವೆಯಲ್ಲಿ 200 ಜನರ ಪೈಕಿ 160 ಮಂದಿ ‘ಖಂಡಿತ ತಗೋತೀವಿ’ ಅಂದಿದ್ದಾರೆ. ಉಳಿತಾಯವನ್ನೆಲ್ಲ ಜಾಹೀರಾತಿಗೆ ಹಾಕಿ ದೊಡ್ಡದಾಗಿ ಲಾಂಚ್ ಮಾಡಬಹುದಲ್ವಾ ಸರ್?

ದುಡ್ಡು ಕಳೆದುಕೊಳ್ಳುವ ಆಸೆ ಇದ್ದರೆ ಮಾಡಬಹುದು. ಆ 160 ಮಂದಿಯಲ್ಲಿ ನಿಮ್ಮ ಗೆಳೆಯರು, ನೆಂಟರು, ಅವರ ಗೆಳೆಯರು ಎಷ್ಟು? ಅಂಗಡಿ ನಡೆಸುವವರು ಎಷ್ಟು? ‘ತಗೋತೀರಾ?’ ಅಂತ ಮುಖ ನೋಡಿ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ? ಹೂಂ ಅನ್ನೋದಕ್ಕೆ ಖರ್ಚಿಲ್ಲ.

ಸರ್ವೆ ದೊಡ್ಡದಾದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಕೋಕಾ-ಕೋಲಾ ಕಂಪನಿ ಹೊಸ ರುಚಿಯ ಕೋಕ್ ತರುವ ಮೊದಲು ಸುಮಾರು 2 ಲಕ್ಷ ಜನರಿಗೆ ಕುಡಿಸಿ ನೋಡಿತ್ತು. ಹೊಸದೇ ಚೆನ್ನಾಗಿದೆ ಅಂದವರೇ ಜಾಸ್ತಿ. 1985ರ ಏಪ್ರಿಲ್ 23ರಂದು ಅದನ್ನು ಘೋಷಿಸಿದರು. ಜನ ಸಿಡಿದೆದ್ದರು. ಜುಲೈ 11ಕ್ಕೆ ಹಳೆಯ ಕೋಕ್ ವಾಪಸ್ ತರುತ್ತೇವೆ ಅಂತ ಹೇಳಬೇಕಾಯಿತು. ಒಂದು ಗುಟುಕಿನ ರುಚಿ ಕೇಳಿದ್ದರು. ಹಳೆಯದು ಸಿಗದೇ ಹೋದರೆ ಹೇಗನಿಸುತ್ತದೆ ಅನ್ನುವುದಕ್ಕೆ ಸರಿಯಾದ ಉತ್ತರ ಆ ಗುಟುಕಿನಲ್ಲಿ ಇರಲಿಲ್ಲ.

ಹಾಗಾಗಿ ಮುಂದೆ ಏನು ಮಾಡುತ್ತೀರಿ ಅಂತ ಕೇಳಲೇಬೇಡಿ. ಹಿಂದೆ ಏನು ಮಾಡಿದ್ದೀರಿ ಅಂತ ಕೇಳಿ. ‘ಹೋದ ತಿಂಗಳು ಎಷ್ಟು ಬಾಕಿ ಮರೆತುಹೋಯಿತು? ಆಮೇಲೆ ಏನು ಮಾಡಿದಿರಿ?’ ‘ಏನೂ ಮಾಡಲಿಲ್ಲ, ಹೋಗಲಿ ಬಿಡಿ’ ಅಂದರೆ ಅದು ಅವರಿಗೆ ತೊಂದರೆಯೇ ಅಲ್ಲ.

ಆಮೇಲೆ 20 ಅಂಗಡಿಯವರನ್ನು ಹಿಡಿಯಿರಿ. ಎಲ್ಲರೂ ಒಂದೇ ಬಗೆಯ ವ್ಯಾಪಾರದವರಾಗಿರಲಿ. ಜನ ಹೆಚ್ಚಿರುವ ಹೊತ್ತಿನಲ್ಲಿ ಹೋಗಿ ಗಲ್ಲಾಪೆಟ್ಟಿಗೆ ಪಕ್ಕ ಸುಮ್ನೆ ನಿಲ್ಲಿ. ಒಬ್ಬ ಗಿರಾಕಿ ‘ಬರೆದುಕೊಳ್ಳಿ’ ಅಂತ ಹೊರಡುತ್ತಾನೆ. ಅಂಗಡಿಯವರು ಮೊಬೈಲ್ ತೆಗೆಯುತ್ತಾರೆ. ಆ್ಯಪ್ ಮೊದಲು ಗಿರಾಕಿಯ ಫೋನ್ ನಂಬರ್ ಕೇಳುತ್ತದೆ. ಅಷ್ಟರಲ್ಲಿ ಇನ್ನಿಬ್ಬರು ಬಂದು ನಿಂತಿರುತ್ತಾರೆ. ಮೊಬೈಲ್ ಕೆಳಗಿಟ್ಟು, ದಾರ ಕಟ್ಟಿದ ಪೆನ್ ಎಳೆದು, ಹಳೇ ಪುಸ್ತಕದಲ್ಲೇ ಗೀಚುತ್ತಾರೆ. ನಿಮ್ಮ ಆ್ಯಪ್ ಸೋಲುವುದು ಅಲ್ಲೇ. ಜಾಹೀರಾತು ಎಷ್ಟು ಸುರಿದರೂ ಅದು ಸರಿಹೋಗದು.

ಅವರಿಂದ ಮುಂಗಡ ಕೇಳಿ. ಅರ್ಧ ಬೆಲೆ ಮಾಡಿ, ಇಷ್ಟವಾಗದಿದ್ದರೆ ವಾಪಸ್ ಅನ್ನಿ, ಆದರೆ ಇವತ್ತೇ ಕಟ್ಟಬೇಕು ಅನ್ನಿ. ‘ಖಂಡಿತ’ ಅಂದಿದ್ದ ಬಾಯಿಂದಲೇ ‘ನೋಡಿ ಹೇಳ್ತೀನಿ’ ಬರುತ್ತದೆ. ಬೇಜಾರಾಗಬೇಡಿ, ನಿಮಗೆ ಬೇಕಿದ್ದ ಮಾಹಿತಿ ಅದೇ.

ಕಟ್ಟಿದವರಲ್ಲಿ ನಾಲ್ಕನೇ ವಾರ ಎಷ್ಟು ಜನ ನೀವು ನೆನಪಿಸದೆ ಬಳಸುತ್ತಿದ್ದಾರೆ ಎಂದು ಎಣಿಸಿ. ಇಷ್ಟು ಜನ ಉಳಿದರೆ ಮುಂದುವರಿಯುತ್ತೇವೆ, ಇಲ್ಲದಿದ್ದರೆ ನಿಲ್ಲಿಸುತ್ತೇವೆ ಅನ್ನುವ ಸಂಖ್ಯೆಯನ್ನು ಮೊದಲೇ ಬರೆದು ಮೂವರೋ ನಾಲ್ವರೋ ಎಷ್ಟಿದ್ದೀರೋ ಅಷ್ಟೂ ಜನ ಸಹಿ ಹಾಕಿ. ಫಲಿತಾಂಶ ಬಂದಮೇಲೆ ಸಂಖ್ಯೆ ನಿಗದಿ ಮಾಡಿದರೆ ಎಲ್ಲರೂ ಪಾಸೇ. ಜನ ಉಳಿಯದಿದ್ದರೆ ಜಾಹೀರಾತು ಅನ್ನುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

‘ದೊಡ್ಡದಾಗಿ’ ಅನ್ನುವ ಹಟ ಯಾಕೆ? ಫೇಸ್‌ಬುಕ್ 2004ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರಿಗೆ ಮಾತ್ರ ಶುರುವಾಯಿತು. ಎಲ್ಲರಿಗೂ ತೆರೆದದ್ದು 2006ರಲ್ಲಿ. ಕ್ವಿಬಿ ಅನ್ನುವ ವಿಡಿಯೊ ಸೇವೆ ಸುಮಾರು 175 ಕೋಟಿ ಡಾಲರ್ ಬಂಡವಾಳ ಎತ್ತಿ, 2020ರ ಏಪ್ರಿಲ್‌ನಲ್ಲಿ ಅಬ್ಬರದಿಂದ ಬಂತು, ಡಿಸೆಂಬರ್‌ಗೆ ಮುಚ್ಚಿತು. ನಾನು ಮೊದಲೇ ಅಂಜುವ ಸ್ವಭಾವದವನು, ಅದಕ್ಕೆ ಹೀಗೆ ಹೇಳುತ್ತೇನೆ ಅಂದರೂ ಸರಿ: ಮೊದಲ ಸುತ್ತು ಕೈಕೊಟ್ಟರೆ ಎರಡನೇ ಸುತ್ತಿಗೆ ಕಾಸು ಉಳಿದಿರಬೇಕು. ಉಳಿತಾಯವನ್ನೆಲ್ಲ ಒಂದೇ ದಿನಕ್ಕೆ ಇಡಬೇಡಿ.

ಪ್ರಶ್ನೆ: ಐಡಿಯಾ ಹೇಳಿದರೆ ಯಾರಾದರೂ ಕದಿಯಬಹುದಾ?

ಐಡಿಯಾ ಕೇಳಿಸಿಕೊಳ್ಳುವುದಕ್ಕೇ ಜನಕ್ಕೆ ಪುರುಸೊತ್ತಿಲ್ಲ.

ಪ್ರಶ್ನೆ: ಮೊದಲು ಬಂದವರೇ ಗೆಲ್ಲುತ್ತಾರಂತೆ, ಹೌದಾ?

ಆಲ್ಟಾವಿಸ್ಟಾ ಸರ್ಚ್ ಬಂದದ್ದು 1995ರಲ್ಲಿ, ಗೂಗಲ್ ಕಂಪನಿ ಶುರುವಾದದ್ದು 1998ರಲ್ಲಿ. ನೀವು ಇವತ್ತು ಯಾವುದರಲ್ಲಿ ಹುಡುಕಿದಿರಿ?

ಪ್ರಶ್ನೆ: ಲಾಂಚ್ ದಿನ ಸರ್ವರ್ ತಡೆಯುತ್ತಾ ಅಂತ ಮೊದಲೇ ನೋಡಬೇಕಾ?

ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ವೆಬ್‌ಸೈಟ್ 2013ರ ಅಕ್ಟೋಬರ್ 1ರಂದು ತೆರೆಯಿತು. ಲಕ್ಷಾಂತರ ಜನ ಮುಗಿಬಿದ್ದರು. ಮೊದಲ ದಿನ ನೋಂದಣಿ ಪೂರ್ತಿ ಮಾಡಲು ಆದದ್ದು 6 ಜನರಿಗೆ. ನೋಡಿ.

ಪ್ರಶ್ನೆ: ಒಬ್ಬ ಗ್ರೋತ್ ಎಕ್ಸ್‌ಪರ್ಟ್ 30 ದಿನದಲ್ಲಿ 1 ಲಕ್ಷ ಡೌನ್‌ಲೋಡ್ ಗ್ಯಾರಂಟಿ ಅಂತಾರೆ. ಒಪ್ಪಲಾ?

ಡೌನ್‌ಲೋಡ್ ಆಗುತ್ತವೆ, ಜನ ಇರುವುದಿಲ್ಲ. ಇಂಥ ಗ್ಯಾರಂಟಿಯ ಹಿಂದೆ ಇರುವುದು ಬಹುಪಾಲು ಬಾಟ್‌ಗಳು, ಅಂದರೆ ಮನುಷ್ಯರಂತೆ ನಟಿಸುವ ಪ್ರೋಗ್ರಾಂಗಳು, ಮತ್ತೆ ಬಾಡಿಗೆ ಫೋನ್‌ಗಳು. ಸುಳ್ಳು ಡೌನ್‌ಲೋಡ್ ಪತ್ತೆಯಾದರೆ ಆ್ಯಪ್ ಸ್ಟೋರ್‌ನವರು ನಿಮ್ಮ ಆ್ಯಪನ್ನೇ ಕಿತ್ತುಹಾಕಬಹುದು. ಆಗ ಎಕ್ಸ್‌ಪರ್ಟ್ ಫೋನ್ ಎತ್ತುವುದಿಲ್ಲ. ನಾಲ್ಕನೇ ವಾರ ಉಳಿದವರ ಲೆಕ್ಕಕ್ಕೆ ಮಾತ್ರ ದುಡ್ಡು ಕೊಡುತ್ತೇನೆ ಅನ್ನಿ, ಮುಖ ನೋಡಿ. ಆಗಲೇ ಮುಂಗಡ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.