ಟೀವಿಯಲ್ಲಿ 40, ನಮ್ಮ ಗೋಡೆಯಲ್ಲಿ 47

ಪ್ರಶ್ನೆ: ರಾಯಚೂರಲ್ಲಿ 40 ಡಿಗ್ರಿ ಅಂತ ಟೀವಿಯಲ್ಲಿ ಹೇಳಿದ ದಿನ ನಮ್ಮ ಅಂಗಳದ ಗೋಡೆಗೆ ನೇತುಹಾಕಿದ ಥರ್ಮಾಮೀಟರ್ 47 ತೋರಿಸುತ್ತಿತ್ತು. ಹವಾಮಾನ ಇಲಾಖೆಯವರು ಬೇಕಂತಲೇ ಕಡಿಮೆ ಹೇಳ್ತಾರಾ ಸಾರ್?
– ಓದುಗರೊಬ್ಬರು, ರಾಯಚೂರು

ಉತ್ತರ: ಖಂಡಿತ ಇಲ್ಲ. ವೀಕ್ಷಣಾಲಯದಲ್ಲಿ ಬಹಳ ವರ್ಷ ರೀಡಿಂಗ್ ತೆಗೆದವನು ನಾನು. ಆ 40 ಹೇಗೆ ಬರುತ್ತದೆ ಅಂತ ಹೇಳುತ್ತೇನೆ, ನೀವೇ ನೋಡಿ.

ಥರ್ಮಾಮೀಟರಿಗೆ ಗೊತ್ತಿರುವುದು ತನ್ನ ಮೈಯ ಬಿಸಿ ಮಾತ್ರ. ನೇರ ಬಿಸಿಲು ಬಿದ್ದರೆ ಅದೇ ಕಾಯುತ್ತದೆ. ಕಾದ ಗೋಡೆಯೂ ಅದಕ್ಕೆ ಶಾಖ ಕೊಡುತ್ತದೆ. ನಿಮ್ಮ 47ರಲ್ಲಿ ಗಾಳಿ, ಬಿಸಿಲು, ಗೋಡೆ ಮೂರೂ ಸೇರಿವೆ. ಇಲಾಖೆಗೆ ಬೇಕಾದದ್ದು ಗಾಳಿಯ ಬಿಸಿಯೊಂದೇ.

ಅದಕ್ಕೇ ವೀಕ್ಷಣಾಲಯದ ಬಯಲಲ್ಲಿ ಸ್ಟೀವನ್‌ಸನ್ ಪೆಟ್ಟಿಗೆ ಇರುತ್ತದೆ. ಸ್ಕಾಟ್ಲೆಂಡಿನ ಲೈಟ್‌ಹೌಸ್ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 19ನೇ ಶತಮಾನದಲ್ಲಿ ರೂಪಿಸಿದ್ದು. ಬಿಳಿ ಬಣ್ಣದ ಮರದ ಪೆಟ್ಟಿಗೆ, ಸುತ್ತ ಓರೆ ಪಟ್ಟಿಗಳು. ಗಾಳಿ ಆಡುತ್ತದೆ, ಬಿಸಿಲು ಒಳಗೆ ಬರುವುದಿಲ್ಲ. ಬಾಗಿಲು ತೆರೆದಾಗಲೂ ಬಿಸಿಲು ಬೀಳಬಾರದು ಅಂತ ಅದನ್ನು ಉತ್ತರಕ್ಕೆ ಇಟ್ಟಿರುತ್ತಾರೆ. ಒಳಗೆ ನಾಲ್ಕು ಥರ್ಮಾಮೀಟರ್, ನೆಲದಿಂದ ಸುಮಾರು ನಾಲ್ಕಡಿ ಮೇಲೆ.

ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಗರಿಷ್ಠ ಥರ್ಮಾಮೀಟರ್. ಕೆಳಗೆ ಪಾದರಸ ತುಂಬಿದ ಗಾಜಿನ ಬುರುಡೆಯ ಹತ್ತಿರ ಅದರ ಕೊಳವೆ ತುಂಬಾ ಕಿರಿದು. ಬಿಸಿ ಏರಿದಾಗ ಪಾದರಸ ಅಲ್ಲಿ ನುಗ್ಗಿ ಮೇಲೆ ಹೋಗುತ್ತದೆ. ಸಂಜೆ ತಂಪಾದರೂ ತಾನಾಗಿ ಇಳಿಯುವುದಿಲ್ಲ. ಮಧ್ಯಾಹ್ನ ಯಾರೂ ನೋಡದಿದ್ದರೂ ಲೆಕ್ಕ ಅಲ್ಲೇ ನಿಂತಿರುತ್ತದೆ. ಹಳೆಯ ಜ್ವರದ ಥರ್ಮಾಮೀಟರನ್ನು ಕೊಡವುತ್ತಿದ್ದದ್ದೂ ಇದಕ್ಕೇ.

ಆ ಹೊತ್ತಿನ ಬಿಸಿ ತೋರಿಸುವ ಥರ್ಮಾಮೀಟರನ್ನು ಮಾತ್ರ ಬೇಗ ಓದಬೇಕು. ಕಣ್ಣನ್ನು ಪಾದರಸದ ಮಟ್ಟಕ್ಕೇ ತಂದು ಮೊದಲು ದಶಾಂಶ, ಆಮೇಲೆ ಪೂರ್ಣ ಡಿಗ್ರಿ. ನಮ್ಮ ಉಸಿರು, ಮೈಬಿಸಿ ತಾಗಿದರೆ ಮೊದಲು ಕದಲುವುದು ದಶಾಂಶವೇ ಅಲ್ವಾ? ಈಗ ಸ್ವಯಂಚಾಲಿತ ಕೇಂದ್ರಗಳೂ ಇವೆ. ಅವುಗಳ ಸೆನ್ಸರಿಗೂ ಬಿಸಿಲು ತಾಗದ ಹಾಗೆ ಮರೆ ಬೇಕೇ ಬೇಕು.

ನಿಮ್ಮ ಥರ್ಮಾಮೀಟರನ್ನು ಉತ್ತರದ ಕಡೆ, ಗಾಳಿ ಆಡುವ ನೆರಳಲ್ಲಿ, ಗೋಡೆಗೆ ತಾಗದ ಹಾಗೆ ನಾಲ್ಕಡಿ ಎತ್ತರದಲ್ಲಿ ಕಟ್ಟಿ. ತಗಡಿನ ಶೀಟಿನ ಕೆಳಗೆ ಬೇಡ. ಕಾಲು ಗಂಟೆ ಬಿಟ್ಟು ನೋಡಿ, ಟೀವಿ ಹೇಳುವುದಕ್ಕೆ ಹತ್ತಿರ ಬಂದಿರುತ್ತದೆ.

ಇನ್ನೊಂದು ವಿಷಯ ದಯವಿಟ್ಟು ನೆನಪಿಡಿ. ಆ 40 ನೆರಳಿನ ಲೆಕ್ಕ. ಹೊಲದಲ್ಲಿ, ಡಾಂಬರು ರಸ್ತೆಯಲ್ಲಿ ದುಡಿಯುವವರ ಮೈಗೆ ತಾಗುವ ಬಿಸಿ ಅದಕ್ಕಿಂತ ಜಾಸ್ತಿ. 'ಬರೀ 40 ತಾನೆ' ಅಂತ ಮಧ್ಯಾಹ್ನ 12ರಿಂದ 3ರವರೆಗೆ ಯಾರನ್ನೂ ಬಿಸಿಲಲ್ಲಿ ಕೆಲಸಕ್ಕೆ ನಿಲ್ಲಿಸಬೇಡಿ.