ಜಿಗ್ಗಿನ ಹೊರೆ ನೆಲವನ್ನು ಹೊರಬಲ್ಲದೆ?

ಪ್ರಶ್ನೆ: ಇಂಗ್ಲೆಂಡಿನ ಹಳೆಯ ರೈಲುಮಾರ್ಗವೊಂದನ್ನು ಜೌಗುನೆಲದ ಮೇಲೆ ಜಿಗ್ಗು ಹಾಸಿ ಕಟ್ಟಿದರೆಂದು ಓದಿದೆ. ಆ ಕಡ್ಡಿಗಳು ಕೊಳೆಯುವುದಿಲ್ಲವೆ? ನಮ್ಮ ತೋಟದ ಅಂಚಿನ ಹಳ್ಳದ ದಂಡೆ ಪ್ರತಿ ಮಳೆಗಾಲವೂ ಕುಸಿಯುತ್ತಿದೆ. ಅಲ್ಲಿಗೆ ಈ ವಿಧಾನ ಒಗ್ಗೀತೆ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ನೀವು ಓದಿದ್ದು ನಿಜ. 1830ರಲ್ಲಿ ಆರಂಭವಾದ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗವು ಚಾಟ್ ಮಾಸ್ ಎಂಬ ವಿಶಾಲವಾದ ಜೌಗನ್ನು ದಾಟಬೇಕಿತ್ತು. ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಅಲ್ಲಿ ಸುರಿಸಿದ ಮಣ್ಣನ್ನೆಲ್ಲ ಜೌಗು ವಾರಗಟ್ಟಲೆ ನುಂಗುತ್ತಲೇ ಹೋಯಿತು. ಕೊನೆಗೆ ಎರಡೂ ಬದಿಗೆ ನೀರು ಬಸಿಯುವ ಕಾಲುವೆ ತೋಡಿಸಿ, ಪೊದೆಗಿಡಗಳ ಕಡ್ಡಿಯಿಂದ ನೇಯ್ದ ತಟ್ಟಿಗಳನ್ನೂ ಜಿಗ್ಗನ್ನೂ ಪದರ ಪದರವಾಗಿ ಹಾಸಿ, ಅದರ ಮೇಲೆ ಮಣ್ಣು ಮತ್ತು ಜಲ್ಲಿ ಹರಡಿ ಹಳಿಯನ್ನು ತೇಲಿಸಿದಂತೆ ಕೂರಿಸಲಾಯಿತು. ಒಂದೇ ಕಡೆ ಬೀಳಬೇಕಾದ ಭಾರವನ್ನು ಆ ಹಾಸು ಅಗಲಕ್ಕೆ ಹಂಚುತ್ತದೆ. ಆ ದಾರಿಯಲ್ಲಿ ಇಂದಿಗೂ ರೈಲು ಓಡುತ್ತಿದೆ.

ಕೊಳೆಯುವ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು. ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ತೇವದ ಜೊತೆಗೆ ಗಾಳಿಯೂ ಬೇಕು. ಸದಾ ನೀರಿನಡಿ ಅಥವಾ ಕೆಸರಿನಡಿ ಮುಳುಗಿರುವ ಕಡ್ಡಿಗೆ ಗಾಳಿ ತಾಗದ ಕಾರಣ ಅದು ಬಹುಕಾಲ ಬಾಳುತ್ತದೆ. ಒಮ್ಮೆ ನೆನೆದು ಒಮ್ಮೆ ಒಣಗುವ ಮಟ್ಟದಲ್ಲಿರುವ ಕಡ್ಡಿಯಾದರೋ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ಈ ಮರ್ಮವನ್ನು ಚೆನ್ನಾಗಿ ದುಡಿಸಿಕೊಂಡವರು ನೆದರ್‌ಲೆಂಡ್ಸಿನ ಜನ. ವಿಲೋ ಮರದ ಎಳೆಗೊಂಬೆಗಳನ್ನು ಉದ್ದುದ್ದ ಹೊರೆ ಕಟ್ಟಿ, ಆ ಹೊರೆಗಳನ್ನು ಚೌಕಚೌಕವಾಗಿ ಬಿಗಿದು, ನಡುವೆ ಜಿಗ್ಗು ತುಂಬಿ ದೊಡ್ಡ ಚಾಪೆಗಳನ್ನು ಮಾಡುತ್ತಿದ್ದರು. ಅವನ್ನು ತೇಲಿಸಿ ಒಯ್ದು, ಮೇಲೆ ಕಲ್ಲು ಹೇರಿ ತಳಕ್ಕೆ ಇಳಿಸಿದರೆ ನೀರು ಸಂದಿಯಲ್ಲಿ ನುಸುಳಿ ಹೋಗುತ್ತದೆ, ಆದರೆ ಕೆಳಗಿನ ಮರಳು ಕದಲುವುದಿಲ್ಲ. 1932ರಲ್ಲಿ ಮುಗಿದ, 32 ಕಿಲೋಮೀಟರ್ ಉದ್ದದ ಆಫ್‌ಸ್ಲೌಟ್‌ಡೈಕ್ ಎಂಬ ಸಮುದ್ರದ ಒಡ್ಡಿಗೂ ಇಂಥ ಚಾಪೆಗಳನ್ನು ಬಳಸಿದರು. ಅದಕ್ಕೂ ಮೊದಲು, 1873ರಲ್ಲಿ ಜಪಾನಿಗೆ ಹೋದ ಡಚ್ ಎಂಜಿನಿಯರ್ ಯೋಹಾನಿಸ್ ಡ ರೈಕ ಅಲ್ಲಿನ ನದಿಗಳ ಕೆಲಸಕ್ಕೂ ಇದೇ ಕ್ರಮವನ್ನು ಒಯ್ದರು.

ನಿಮ್ಮ ಹಳ್ಳದ ದಂಡೆ ನೆನೆದು ಒಣಗುವ ಜಾಗವೇ ಆದ್ದರಿಂದ ಅಲ್ಲಿ ಒಣ ಹೊರೆಯನ್ನು ನಾನು ಸೂಚಿಸಲಾರೆ. ಚಿಗುರುವ ಹಸಿ ಹೊರೆಯೇ ಬೇಕು. ಲಕ್ಕಿಗಿಡ ನಿಮ್ಮ ಕಡೆ ಹಳ್ಳದ ಬದಿಯಲ್ಲಿ ಸಿಗುತ್ತದೆ, ಕಡ್ಡಿಯಿಂದಲೇ ಬೇರೂ ಬಿಡುತ್ತದೆ. ವಿಲೋ ಮರದ ನಂಟನಾದ ನೀರವಂಜಿ ಸಿಕ್ಕರೆ ಅದೂ ಆಗುತ್ತದೆ. ಮಳೆ ಹಿಡಿಯುತ್ತಿದ್ದಂತೆ ಕೊಂಬೆ ಕಡಿದು, ಬುಡ ಒಂದು ಕಡೆ ತುದಿ ಇನ್ನೊಂದು ಕಡೆ ಬರುವ ಹಾಗೆ ಅದಲುಬದಲಾಗಿ ಸೇರಿಸಿ, ಗೇಣಿನಷ್ಟು ದಪ್ಪದ ಹೊರೆಗಳನ್ನು ಒಂದೊಂದು ಅಡಿಗೊಂದು ಕಟ್ಟು ಹಾಕಿ ಬಿಗಿಯಿರಿ. ದಂಡೆಯ ಇಳಿಜಾರಿಗೆ ಅಡ್ಡಲಾಗಿ ಆಳವಲ್ಲದ ಸಣ್ಣ ಕಾಲುವೆ ತೆಗೆದು, ಹೊರೆಯನ್ನು ಅದರಲ್ಲಿ ಮಲಗಿಸಿ, ಗೂಟ ಹೊಡೆದು, ಸಂದಿಗೆಲ್ಲ ಮಣ್ಣು ತುಂಬಿ ತುಳಿಯಬೇಕು. ಮೇಲ್ಭಾಗ ತುಸು ಕಾಣುವಂತಿದ್ದರೆ ಸಾಕು. ಮಣ್ಣು ತಾಗದ ಕಡ್ಡಿ ಬೇರು ಬಿಡದೆ ಒಣಗಿಹೋಗುವುದರಿಂದ ಈ ತುಳಿತದಲ್ಲಿ ಅವಸರ ಬೇಡ. ಕಡಿದ ಕೊಂಬೆಯನ್ನು ಬಿಸಿಲಲ್ಲಿ ಬಿಡಲೂ ಬಾರದು.

ದಂಡೆಯ ಬುಡವನ್ನು ನೀರು ಕೊರೆಯುತ್ತಿದ್ದರೆ ಹೊರೆಯೊಂದರಿಂದಲೇ ತಡೆ ಆಗದು. ಬುಡಕ್ಕೆ ಮೊದಲು ದಪ್ಪ ಕಲ್ಲು ಕೂರಿಸಬೇಕು. ಕೈಗೆ ಸಿಗುತ್ತದೆಂದು ಲಂಟಾನವನ್ನು ಹಸಿಯಾಗಿ ಹೂಳುವುದಂತೂ ಖಂಡಿತ ಬೇಡ, ಅದು ಬೇರೂರಿ ತೋಟಕ್ಕೇ ನುಗ್ಗೀತು. ಮೊದಲ ಮಳೆಗಾಲ ದನಕರು ಅತ್ತ ಹೋಗದಂತೆ ಬೇಲಿ ಹಾಕಿ, ದೊಡ್ಡ ಮಳೆ ಬಂದಾಗಲೆಲ್ಲ ಸಡಿಲಾದ ಗೂಟಗಳನ್ನು ಮತ್ತೆ ಹೊಡೆಯಿರಿ. ಚಿಗುರದೆ ಉಳಿದ ಹೊರೆಗಳ ಜಾಗಕ್ಕೆ ಮುಂದಿನ ವರ್ಷ, ಅಷ್ಟರಲ್ಲಿ ಬೆಳೆದಿರುವ ನಿಮ್ಮ ದಂಡೆಯ ಗಿಡಗಳಿಂದಲೇ ಕೊಂಬೆ ಸಿಗುತ್ತದೆ.